ಸತ್ಯಾಂಶ: ಈರುಳ್ಳಿ ಮೇಲಿನ ಕಪ್ಪು ಬ್ಲ್ಯಾಕ್ ಫಂಗಸ್ ಅಲ್ಲ

ಈರುಳ್ಳಿ ಸಿಪ್ಪೆಯ ಕಪ್ಪಿನಿಂದ, ಫ್ರಿಜ್ ಬಾಗಿಲಿನ ರಬ್ಬರಿನ ಕಪ್ಪಿನಿಂದ ಬ್ಲ್ಯಾಕ್ ಫಂಗಸ್ ಬರುತ್ತದೆ ಎಂಬ ಮೆಸೇಜ್ 2021ರ ಕೋವಿಡ್ ಅಲೆಯಲ್ಲಿ ಹರಿದಾಡಿತ್ತು. ಅದು ಸುಳ್ಳು.

ಈರುಳ್ಳಿ ಸುಲಿವಾಗ ಬೆರಳಿಗೆ ಮಸಿಯಂತೆ ಅಂಟುವ ಪುಡಿ ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟು. ಆ ಪದರ ತೆಗೆದು, ತೊಳೆದು ಬಳಸಿ. ಬ್ಲ್ಯಾಕ್ ಫಂಗಸ್, ಅಂದ್ರೆ ಮ್ಯೂಕರ್‌ಮೈಕೋಸಿಸ್, ತರುವುದು ರೈಜೋಪಸ್‌ನಂಥ ಬೇರೆ ಬೂಷ್ಟುಗಳು. ಅವು ಮಣ್ಣು, ಗಾಳಿಯಲ್ಲಿ ಇದ್ದೇ ಇವೆ. ಶುಗರ್ ಹತೋಟಿ ತಪ್ಪಿದವರಿಗೆ, ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಂಡವರಿಗೆ ಅಪಾಯ ಹೆಚ್ಚು. ಬೂಷ್ಟು ರಕ್ತನಾಳಕ್ಕೆ ನುಗ್ಗಿ ರಕ್ತ ಹರಿಯದಂತೆ ಮಾಡುತ್ತದೆ, ಅಲ್ಲಿನ ಮಾಂಸ ಸತ್ತು ಕಪ್ಪಾಗುತ್ತದೆ. ಮೂಗಿನಿಂದ ಕಣ್ಣಿಗೆ, ಮಿದುಳಿಗೂ ಹಬ್ಬಬಹುದು. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ.

ಮುಖದ ಒಂದೇ ಕಡೆ ನೋವು, ಊತ, ಒಂದು ವಸ್ತು ಎರಡಾಗಿ ಕಾಣುವುದು ಶುರುವಾದರೆ ದಯವಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.