ಮೊದಲು ಹನ್ನೆರಡು ಪದ, ಆಮೇಲೆ ಕಾಯಿನ್

ಹೋದ ತಿಂಗಳು ನೆಂಟರ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ಒಬ್ಬಟ್ಟಿಗೆ ತುಪ್ಪ ಬೀಳೋ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನ ಮಗ ಕೇಳಿದ: "ಅಣ್ಣಾ, ನಾನೂ ಕ್ರಿಪ್ಟೋಗೆ ಇಳೀಬೇಕು ಅಂತಿದೀನಿ. ಯಾವ ಕಾಯಿನ್ ತಗೊಳ್ಲಿ?"

2017ರಿಂದ ಈ ಪ್ರಶ್ನೆ ಕೇಳಿಸ್ಕೊಂಡು ಬರ್ತಿದೀನಿ. ಬೆಲೆ ಏರಿದಾಗ ವಾರಕ್ಕೆ ನಾಲ್ಕು ಜನ ಕೇಳ್ತಾರೆ, ಇಳಿದಾಗ ಒಬ್ಬರೂ ಇಲ್ಲ. 2021ರ ನವೆಂಬರಿನಲ್ಲಿ ಬಿಟ್‌ಕಾಯಿನ್ 69 ಸಾವಿರ ಡಾಲರ್ ಹತ್ತಿರ ಇದ್ದಾಗ ಫೋನ್ ಕೆಳಗಿಡೋಕೆ ಬಿಡ್ತಿರಲಿಲ್ಲ. ಮರುವರ್ಷದ ನವೆಂಬರಿಗೆ ಅದು 16 ಸಾವಿರಕ್ಕೆ ಬಂತು ನೋಡಿ, ಅದೇ ಜನ ಮದುವೆ ಛತ್ರದಲ್ಲಿ ನನ್ನ ಕಂಡು ಕೈ ತೊಳೆಯೋ ಕಡೆ ಹೋಗಿಬಿಟ್ಟರು. ಮಾರಿದ್ದು ನಾನಲ್ಲ ಸ್ವಾಮಿ!

ಹೊಸಬರನ್ನ ಬರಮಾಡಿಕೊಳ್ಳೋ ರೀತಿಯ ಬಗ್ಗೆಯೇ ನನ್ನದೊಂದು ತಕರಾರಿದೆ. ಎಲ್ಲರೂ ಬಾಗಿಲಲ್ಲಿ ಬೆಲೆಪಟ್ಟಿ ಹಿಡಿದು ನಿಂತಿರ್ತಾರೆ. ಬೀಗದ ಕೈ ಯಾರ ಹತ್ರ ಇರತ್ತೆ ಅನ್ನೋದನ್ನ ಯಾರೂ ಹೇಳಲ್ಲ.

ನನಗೂ ಯಾರೂ ಹೇಳಿರಲಿಲ್ಲ. 2018ರಲ್ಲಿ ಕಾಯಿನ್ ಇಟ್ಕೊಳ್ಳೋಕೆ ಅಂತ ಫೋನಿಗೆ ಒಂದು ವಾಲೆಟ್ ಆಪ್ ಹಾಕ್ಕೊಂಡೆ. ಅದು ಹನ್ನೆರಡು ಇಂಗ್ಲಿಷ್ ಪದ ತೋರಿಸಿ, ಬರೆದಿಟ್ಕೋ ಅಂದಿತು. ಗೋಡೆ ಮೇಲಿದ್ದ ಕ್ಯಾಲೆಂಡರ್‌ನ ಡಿಸೆಂಬರ್ ಹಾಳೆ ಹಿಂದೆ ಗೀಚಿದೆ. ವರ್ಷ ಮುಗೀತು, ಅಮ್ಮ ಕ್ಯಾಲೆಂಡರನ್ನ ಹಳೇ ಪೇಪರ್ ಜೊತೆ ಕಟ್ಟಿ ತೂಕಕ್ಕೆ ಹಾಕಿದರು. ಎರಡು ತಿಂಗಳಿಗೆ ಫೋನೂ ಸತ್ತಿತು. ಸುಮಾರು ಆರು ಸಾವಿರ ರೂಪಾಯಿಯ ಈಥರ್ ಅನ್ನೋ ಕಾಯಿನ್ ಇತ್ತು ಅದರಲ್ಲಿ. ಈಗಲೂ ಆ ವಾಲೆಟ್‌ನ ವಿಳಾಸ ಹಾಕಿ ಇಂಟರ್ನೆಟ್‌ನಲ್ಲಿ ಹುಡುಕಿದರೆ ಕಾಣತ್ತೆ, ಅಲ್ಲೇ ಇದೆ. ಬಾವಿಗೆ ಬಿದ್ದ ಬಿಂದಿಗೆ ತರ. ಬಿಂದಿಗೆಗಾದರೂ ಪಾತಾಳಗರಡಿ ಇದೆ, ಇದಕ್ಕೆ ಅದೂ ಇಲ್ಲ.

ಯಾಕೆ ಅಂದ್ರೆ ಕಾಯಿನ್ ಯಾವತ್ತೂ ಫೋನಿನೊಳಗೆ ಇರಲ್ಲ. ಯಾವ ವಿಳಾಸದಲ್ಲಿ ಎಷ್ಟಿದೆ ಅನ್ನೋ ಲೆಕ್ಕದ ಪುಸ್ತಕ ಪ್ರಪಂಚದ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇರತ್ತೆ. ನಿಮ್ಮ ಹತ್ರ ಇರೋದು ಆ ವಿಳಾಸದಿಂದ ಕಳಿಸೋ ಅಧಿಕಾರ ಮಾತ್ರ. ಆ ಹನ್ನೆರಡು ಪದದಿಂದಲೇ ಅದು ಹುಟ್ಟೋದು. ಪದ ಹೋದರೆ ಅರ್ಜಿ ಹಾಕೋಕೆ ಮ್ಯಾನೇಜರ್ ಇಲ್ಲ, ಬೇರೆಯವರ ಕೈಗೆ ಸಿಕ್ಕರೆ ದೂರಿಗೆ ಬ್ರಾಂಚ್ ಇಲ್ಲ. "ಸಪೋರ್ಟ್ ಟೀಮ್‌ನಿಂದ ಮಾತಾಡ್ತಿದೀವಿ, ಪದಗಳನ್ನ ಹೇಳಿ" ಅಂತ ಮೆಸೇಜ್ ಹಾಕಿದವನು ಕಳ್ಳನೇ. ಅದರಲ್ಲಿ ಅನುಮಾನಕ್ಕೆ ಜಾಗ ಇಲ್ಲ.

"ಅಷ್ಟೆಲ್ಲ ತಲೆನೋವು ಯಾಕೆ, ಎಕ್ಸ್‌ಚೇಂಜ್‌ನಲ್ಲೇ ಬಿಡ್ತೀನಿ" ಅಂತೀರಿ. ಎಕ್ಸ್‌ಚೇಂಜ್ ಅಂದ್ರೆ ಕಾಯಿನ್ ಕೊಂಡು ಮಾರೋ ಆನ್‌ಲೈನ್ ಅಂಗಡಿ. ಬಿಡಿ, ಹೊಸಬರಿಗೆ ಶುರುವಿನಲ್ಲಿ ಅದೇ ಸುಲಭ. ಆದರೆ ಆಗ ಕೀಲಿ ಅವರದು, ನಿಮ್ಮದು ಬರೀ ಚೀಟಿ. 2024ರ ಜುಲೈ 18ರಂದು ವಜೀರ್‌ಎಕ್ಸ್ ಅನ್ನೋ ನಮ್ಮ ದೇಶದ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕಾಯಿನ್ ಕಳುವಾಯಿತು, ಹತ್ತಿರ ಹತ್ತಿರ 2,000 ಕೋಟಿ ರೂಪಾಯಿ. ಕಳ್ಳರು ಯಾವ ಕಾಯಿನ್ ಮುಟ್ಟಿದರು ಅನ್ನೋದು ಗ್ರಾಹಕರಿಗೆ ಲೆಕ್ಕಕ್ಕೇ ಬರಲಿಲ್ಲ. ಎಲ್ಲರ ಕ್ರಿಪ್ಟೋನೂ ವರ್ಷಕ್ಕಿಂತ ಹೆಚ್ಚು ಕಾಲ ಸಿಕ್ಕಿಕೊಂಡಿತ್ತು.

ಇನ್ನೊಂದು ಖಾಯಿಲೆ, ಅಗ್ಗದ ಕಾಯಿನ್. ನಮ್ಮ ಹುಡುಗನಿಗೂ ಇತ್ತು. "ಬಿಟ್‌ಕಾಯಿನ್ ನಮ್ಮ ಕೈಗೆ ಎಟಕಲ್ಲ ಅಣ್ಣ, ಶಿಬಾ ಪೈಸೆ ಲೆಕ್ಕದಲ್ಲಿ ಸಿಗತ್ತೆ, ಒಂದು ರೂಪಾಯಿ ಆದ್ರೂ ಸಾಕು." ಒಂದು ಬಿಟ್‌ಕಾಯಿನ್‌ನಲ್ಲಿ ಹತ್ತು ಕೋಟಿ ತುಣುಕುಗಳಿವೆ, ಐನೂರು ರೂಪಾಯಿಗೂ ಕೊಳ್ಳಬಹುದು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಶಿಬಾ ಕಾಯಿನ್‌ಗಳು ಇರೋದು ಸುಮಾರು 589 ಲಕ್ಷ ಕೋಟಿ. ಒಂದೊಂದೂ ಒಂದು ರೂಪಾಯಿ ಆದರೆ ಒಟ್ಟು 589 ಲಕ್ಷ ಕೋಟಿ ರೂಪಾಯಿ. ನಮ್ಮ ದೇಶದ ಇಡೀ ವರ್ಷದ ಜಿಡಿಪಿ 2024-25ರಲ್ಲಿ ಸುಮಾರು 330 ಲಕ್ಷ ಕೋಟಿ. ಎಲೆ ಮೇಲೆ ನೀರಲ್ಲಿ ಬೆರಳಾಡಿಸಿ ಲೆಕ್ಕ ಹಾಕಿ ತೋರಿಸಿದೆ. ಅನ್ನ ಸಾರು ಬರೋವರೆಗೂ ಮಾತಾಡಲಿಲ್ಲ ಅವನು.

ತೆರಿಗೆಯನ್ನಂತೂ ಸರ್ಕಾರ ಹೊಸಬ ಹಳಬ ಅಂತ ನೋಡದೆ ಹಾಕಿದೆ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ 30%, ಅದರ ಮೇಲೆ ಸೆಸ್. ಒಂದು ಕಾಯಿನ್‌ನಲ್ಲಿ 10,000 ಲಾಭ, ಇನ್ನೊಂದರಲ್ಲಿ 10,000 ನಷ್ಟ ಆಯ್ತು ಅನ್ನಿ. ಜೇಬಿಗೆ ಬಂದಿದ್ದು ಸೊನ್ನೆ, ಕಟ್ಟಬೇಕಾದ್ದು ಸೆಸ್ ಸೇರಿ 3,120 ರೂಪಾಯಿ. ನಷ್ಟವನ್ನ ಲಾಭದಲ್ಲಿ ಕಳೆಯೋ ಹಾಗಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದರೆ ಕಾನೂನು ಹಾಗಿದೆ. ಜೊತೆಗೆ ಮಾರಿದಾಗೆಲ್ಲ 1% ಟಿಡಿಎಸ್, ಅಂದ್ರೆ ಮಾರಿದ ಮೊತ್ತದಲ್ಲೇ ಮೊದಲೇ ಹಿಡಿಯೋ ತೆರಿಗೆ. ಬೆಲೆ ಕದಲದಿದ್ದರೂ ಅದೇ ಹತ್ತು ಸಾವಿರವನ್ನ ಐವತ್ತು ಸಲ ಕೊಂಡು ಮಾರಿದರೆ ಕೈಯಲ್ಲಿ ಉಳಿಯೋದು ಆರು ಸಾವಿರದ ಚಿಲ್ಲರೆ. ಮಿಕ್ಕಿದ್ದನ್ನ ರಿಟರ್ನ್ ಹಾಕಿ ಕೇಳ್ಕೋಬೇಕು. ಟ್ರೇಡಿಂಗ್ ಕಲಿಸ್ತೀವಿ ಅನ್ನೋ ಯೂಟ್ಯೂಬ್ ಗುರುಗಳನ್ನ ಈ ಲೆಕ್ಕ ಕೇಳಿ ನೋಡಿ.

ಯಾರೋ ಅಪರಿಚಿತರಿಗೆ ಕಾಯಿನ್ ಕೊಟ್ಟು ನೇರವಾಗಿ ಬ್ಯಾಂಕ್ ಖಾತೆಗೆ ದುಡ್ಡು ಹಾಕಿಸಿಕೊಳ್ಳೋ ವ್ಯವಹಾರಕ್ಕಂತೂ ಕೈ ಹಾಕಲೇಬೇಡಿ. ಆ ದುಡ್ಡು ಯಾರಿಗೋ ಮೋಸ ಮಾಡಿ ತಂದಿದ್ದಾಗಿದ್ದರೆ ಯಾವುದೋ ರಾಜ್ಯದ ಸೈಬರ್ ಪೊಲೀಸರು ನಿಮ್ಮ ಖಾತೆಯನ್ನ ಫ್ರೀಜ್ ಮಾಡಿಸ್ತಾರೆ. ಸಂಬಳದ ಖಾತೆಯಾಗಿದ್ದರೆ ಆ ತಿಂಗಳ ಬಾಡಿಗೆಗೂ ಸಾಲ.

ಇಷ್ಟು ಓದಿ ಇವನು ಕ್ರಿಪ್ಟೋ ವಿರೋಧಿ ಅನ್ಕೋಬೇಡಿ. ದೇಶದ ಹಳೇ ಎಕ್ಸ್‌ಚೇಂಜ್‌ಗಳಲ್ಲಿ ಒಂದಾದ ಯುನೊಕಾಯಿನ್ 2013ರಲ್ಲಿ ಶುರುವಾಗಿದ್ದು ನಮ್ಮ ತುಮಕೂರಿನಲ್ಲಿ ಅಂತ ಬೆಂಗಳೂರಿನ ಗೆಳೆಯರ ಮುಂದೆ ಇವತ್ತಿಗೂ ಜಂಬ ಕೊಚ್ಚಿಕೊಳ್ಳೋನು ನಾನು. ಬನ್ನಿ, ಖಂಡಿತ ಬನ್ನಿ. ಆದರೆ ಚಿಕ್ಕಮ್ಮನ ಮಗನಿಗೆ ಕೊಟ್ಟ ಮನೆಕೆಲಸವನ್ನೇ ನಿಮಗೂ ಕೊಡ್ತೀನಿ. ಹೋದರೂ ಅಳಬಾರದು ಅನ್ನೋಷ್ಟು ದುಡ್ಡು, ಎರಡು ಸಾವಿರ ಅನ್ನಿ. ಕಾಯಿನ್ ಯಾವುದಾದ್ರೂ ಇರಲಿ, ಕಳಿಸೋ ಶುಲ್ಕ ಕಡಿಮೆ ಇರಬೇಕು. ಎಕ್ಸ್‌ಚೇಂಜ್‌ನಿಂದ ನಿಮ್ಮದೇ ವಾಲೆಟ್‌ಗೆ ತಗೊಳ್ಳಿ. ಪದಗಳನ್ನ ಕಾಗದದ ಮೇಲೆ ಬರೀರಿ. ಆಮೇಲೆ ಆಪನ್ನ ಡಿಲೀಟ್ ಮಾಡಿ, ಮತ್ತೆ ಹಾಕಿ, ಆ ಕಾಗದ ನೋಡ್ಕೊಂಡೇ ದುಡ್ಡು ವಾಪಸ್ ತನ್ನಿ. ಅಲ್ಲೀವರೆಗೆ ಬೆಲೆ ಮಾತು ಬೇಡ.

ಮೊನ್ನೆ ಭಾನುವಾರ ರಾತ್ರಿ ಹತ್ತೂವರೆಗೆ ಅವನ ಫೋನ್. "ಅಣ್ಣಾ, ತಗೋತಾ ಇಲ್ಲ, ತಪ್ಪು ಅಂತಿದೆ." ಕಾಗದದ ಫೋಟೋ ಕಳಿಸಬೇಡ, ಬಾಯಲ್ಲೂ ಪದ ಹೇಳಬೇಡ, ಹೆಂಗೆ ಬರ್ಕೊಂಡಿದೀಯ ಅಷ್ಟು ಹೇಳು ಅಂದೆ. ಮಹಾನುಭಾವ ಹನ್ನೆರಡನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದ! ವಾಲೆಟ್‌ಗಳು ಈ ಹನ್ನೆರಡನ್ನ ಆರಿಸೋ 2,048 ಇಂಗ್ಲಿಷ್ ಪದಗಳ ಪಟ್ಟಿಯಲ್ಲಿ 'ರೈಟ್' ಅನ್ನೋದು ಎರಡಿದೆ, ಸರಿ ಅನ್ನೋ ರೈಟ್ ಒಂದು, ಬರೆಯೋ ರೈಟ್ ಒಂದು. ಅಂಥದ್ದೇನಾದ್ರೂ ಇದ್ರೆ ಎರಡೂ ಸ್ಪೆಲಿಂಗ್ ಹಾಕಿ ನೋಡು ಅಂದೆ. ಆ ಕಡೆ ಎರಡು ನಿಮಿಷ ಸದ್ದಿಲ್ಲ. ಆಮೇಲೆ, "ಬಂತಣ್ಣ! ಸಾವಿರದ ಒಂಬೈನೂರ ಚಿಲ್ಲರೆ ತೋರಿಸ್ತಿದೆ."