‘ಈಗ ಹುಷಾರಾ?’ ಅನ್ನುವ ಪ್ರಶ್ನೆ

ಫೋನ್ ಮಾಡಿದಾಗಲೆಲ್ಲ ಅಮ್ಮ ಮೊದಲು ಕೇಳುವುದು ಒಂದೇ ಮಾತು. ‘ಈಗ ಹುಷಾರಾ ಮಗಾ?’ ಅದರ ಹಿಂದೆ ಎಷ್ಟು ಪ್ರೀತಿ ಇದೆ ಅಂತ ನನಗೆ ಗೊತ್ತು. ಆದರೆ ಆ ಪ್ರಶ್ನೆಗೆ ಇರುವುದು ಎರಡೇ ಉತ್ತರ. ‘ಇಲ್ಲ’ ಅಂತ ಹೇಳಿದರೆ ಅಮ್ಮನಿಗೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ. ಅದಕ್ಕೇ ಹೂಂ ಅನ್ನುತ್ತೇನೆ.

ನನಗೆ ಡಿಪ್ರೆಶನ್ ಇದೆ. ಇಂಗ್ಲೆಂಡಿಗೆ ಬಂದು 11 ವರ್ಷ ಆಯಿತು, ಇದು ಶುರುವಾಗಿ 9 ವರ್ಷ. ತಿಂಗಳುಗಟ್ಟಲೆ ತಣ್ಣಗಿರುತ್ತದೆ. ಆಮೇಲೆ ಯಾವುದೋ ಒಂದು ಬೆಳಗ್ಗೆ ಹಲ್ಲುಜ್ಜುವುದೂ ದೊಡ್ಡ ಕೆಲಸವಾಗುತ್ತದೆ. ವಾಸಿಯಾಯಿತು ಅಂದುಕೊಂಡಾಗಲೆಲ್ಲ ಮತ್ತೆ ಬಂದಿದೆ. ಬಿಪಿ, ಸಕ್ಕರೆ ಕಾಯಿಲೆ ಇರುವವರನ್ನು ಯಾರೂ ‘ಇನ್ನೂ ಹೋಗಿಲ್ವಾ?’ ಅಂತ ಕೇಳುವುದಿಲ್ಲ ಅಲ್ವಾ? ‘ಈಗ ಎಷ್ಟಿದೆ?’ ಅಂತ ಕೇಳುತ್ತಾರೆ.

ಇಲ್ಲಿ ನನಗೆ ಸಿಕ್ಕಿದ್ದು ಅಂಥ ಪ್ರಶ್ನೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮಾತಿನ ಚಿಕಿತ್ಸೆ ಬೇಕಾದರೆ ಡಾಕ್ಟರ ಚೀಟಿ ಇಲ್ಲದೆ ನಾವೇ ಹೆಸರು ಕೊಡಬಹುದು. ಪ್ರತಿ ಸಲವೂ ಪಿಎಚ್‌ಕ್ಯೂ-9 ಅನ್ನುವ, ಡಿಪ್ರೆಶನ್ ಎಷ್ಟಿದೆ ಅಂತ ಅಳೆಯುವ ಒಂದು ಹಾಳೆ ತುಂಬಬೇಕು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ನಿದ್ದೆ ಕೆಟ್ಟಿತ್ತಾ, ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿತ್ತಾ, ಸಾಯಬೇಕು ಅನ್ನಿಸಿತ್ತಾ. ಒಂದು ದಿನವೂ ಇಲ್ಲವಾದರೆ ಸೊನ್ನೆ, ಹೆಚ್ಚುಕಡಿಮೆ ದಿನವೂ ಅನ್ನಿಸಿದರೆ 3. ಒಟ್ಟು 27ರವರೆಗೆ ಹೋಗುತ್ತದೆ, ಅಂಕ ಜಾಸ್ತಿಯಾದಷ್ಟೂ ಕಷ್ಟ ಜಾಸ್ತಿ. ಮೊದಲ ಸಲ ಮನುಷ್ಯನ ಸಂಕಟಕ್ಕೆ ಅಂಕ ಹಾಕುತ್ತಾರಲ್ಲ ಅಂತ ನೋವಾಗಿತ್ತು. ನಾಲ್ಕನೇ ವಾರ 19 ಇದ್ದದ್ದು 15 ಆಗಿತ್ತು. ನನಗೆ ಏನೂ ಬದಲಾದ ಹಾಗೆ ಅನ್ನಿಸಿರಲಿಲ್ಲ, ಆದರೆ ನಿದ್ದೆಯ ಸಾಲು ಬದಲಾಗಿತ್ತು. ಹುಷಾರಾಗದೆಯೂ ಸ್ವಲ್ಪ ಸುಧಾರಿಸಬಹುದು ಅಂತ ಅವತ್ತು ಗೊತ್ತಾಯಿತು.

ಕೆಲಸದ ವಿಷಯದಲ್ಲೂ ಹಾಗೇ. ಇಲ್ಲಿ ಡಾಕ್ಟರು ಕೊಡುವ ಸರ್ಟಿಫಿಕೇಟಿನಲ್ಲಿ ‘ಕೆಲಸಕ್ಕೆ ಆಗುವುದಿಲ್ಲ’ ಅನ್ನುವುದರ ಜೊತೆಗೆ ಇನ್ನೊಂದು ಆಯ್ಕೆಯೂ ಇದೆ. ಗಂಟೆ ಕಡಿಮೆ ಮಾಡಿದರೆ, ನಿಧಾನವಾಗಿ ಮರಳಲು ಬಿಟ್ಟರೆ ಕೆಲಸ ಮಾಡಬಹುದು ಅಂತಲೂ ಬರೆಯುತ್ತಾರೆ. ನಾನು ಮೊದಲು ದಿನಕ್ಕೆ ಮೂರು ಗಂಟೆಗೆ ಮರಳಿದೆ. ಆ ಮೂರು ಗಂಟೆ ಇಲ್ಲದಿದ್ದರೆ ಮನೆಯಿಂದ ಹೊರಗೇ ಬರುತ್ತಿರಲಿಲ್ಲ ಅನ್ನಿಸುತ್ತದೆ. ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಅಂತ ಕಾಯಬೇಡಿ, ಸಣ್ಣ ಕೆಲಸ ಹಿಡಿಯಿರಿ, ಮನಸ್ಸು ಆಮೇಲೆ ಬರುತ್ತದೆ ಅಂತ ಚಿಕಿತ್ಸಕಿ ಹೇಳುತ್ತಿದ್ದರು. ಈಗಲೂ ಕೆಟ್ಟ ದಿನ ಶೂ ಹಾಕಿಕೊಳ್ಳುವುದಷ್ಟೇ ನನ್ನ ಗುರಿ. ಎಷ್ಟೋ ಸಲ ಶೂ ಹಾಕಿದ ಮೇಲೆ ಹತ್ತು ನಿಮಿಷ ನಡೆದೂ ಬರುತ್ತೇನೆ. ಡಿಪ್ರೆಶನ್ನಿನ ಮಾತ್ರೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು, ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ತಟ್ಟನೆ ನಿಲ್ಲಿಸಬಾರದು. ಒಮ್ಮೆ ನಾನೇ ನಿಲ್ಲಿಸಿ ತುಂಬ ಅನುಭವಿಸಿದ್ದೇನೆ.

ಹಾಗಂತ ಇಲ್ಲಿಯದ್ದೇ ಎಲ್ಲ ಚೆನ್ನ ಅಂತ ನಾನು ಹೇಳುವುದಿಲ್ಲ. ಸರದಿಗಾಗಿ ವಾರಗಟ್ಟಲೆ ಕಾಯಬೇಕಾಗಬಹುದು. ಲೆಕ್ಕದ ಭೇಟಿಗಳು ಮುಗಿದ ಮೇಲೆ ಮತ್ತೆ ಒಬ್ಬರೇ. ಭಾಷೆಯ ಕಷ್ಟವೂ ಇದೆ. ನಮ್ಮ ‘ಬೇಜಾರು’ ಅನ್ನುವ ಒಂದೇ ಪದದಲ್ಲಿ ದುಃಖ, ಸಾಕಾಗಿದೆ ಅನ್ನುವ ಭಾವ, ಸಣ್ಣ ಸಿಟ್ಟು ಎಲ್ಲ ಇದೆ. ಇಂಗ್ಲಿಷಿನಲ್ಲಿ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಅಳು ನಿಂತುಹೋಗುತ್ತಿತ್ತು. ಆ ಒಂಬತ್ತು ಪ್ರಶ್ನೆಗಳ ಹಾಳೆ ಕನ್ನಡದಲ್ಲೂ ಇದೆ ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು. ಕರ್ನಾಟಕದಲ್ಲಿರುವವರಿಗೆ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ನಂಬರ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತ. ಇದನ್ನು ಮನೆಮಂದಿಯೆಲ್ಲ ಫೋನಿನಲ್ಲಿ ಉಳಿಸಿಕೊಳ್ಳಿ.

ಎಲ್ಲಕ್ಕಿಂತ ಜಾಸ್ತಿ ನೆನಪಾಗುವುದು ನಮ್ಮವರು ಜೊತೆಗೆ ಕೂರುವುದು. ನಮ್ಮಲ್ಲಿ ಡಾಕ್ಟರ ಹತ್ತಿರ ಯಾರೂ ಒಬ್ಬರೇ ಹೋಗುವುದಿಲ್ಲ. ಇಲ್ಲಿ ನಾನು ಒಪ್ಪದೆ ಡಾಕ್ಟರು ಸಾಮಾನ್ಯವಾಗಿ ಮನೆಯವರಿಗೆ ಏನೂ ಹೇಳುವುದಿಲ್ಲ. ಆ ಗುಟ್ಟು ನನಗೆ ಬೇಕಿತ್ತು ನಿಜ, ಅಕ್ಕ ಪಕ್ಕದಲ್ಲಿದ್ದರೆ ಹೇಳಲಾಗದ ಮಾತುಗಳಿದ್ದವು. ಆದರೆ ಕುಸಿಯುತ್ತಿರುವಾಗ ನನ್ನ ಕುಸಿತ ನನಗೇ ಕಾಣುವುದಿಲ್ಲ. ಅದು ಕಾಣುವುದು ಪಕ್ಕದಲ್ಲಿದ್ದವರಿಗೆ. ಜೊತೆಗೆ ಹೋಗಿ, ಆದರೆ ಐದು ನಿಮಿಷವಾದರೂ ಕಾಯಿಲೆ ಇರುವವರನ್ನು ಡಾಕ್ಟರ ಹತ್ತಿರ ಒಬ್ಬರನ್ನೇ ಬಿಡಿ ಅಂತ ಎಲ್ಲ ಮನೆಯವರಿಗೂ ಹೇಳಬೇಕು ಅನ್ನಿಸುತ್ತದೆ.

ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನನಗೆ ಇಷ್ಟವಾದ ವಿಷಯ ಒಂದಿದೆ. ಮುಂದೆ ಕಾಯಿಲೆ ಜೋರಾದರೆ ಹೇಗೆ ನೋಡಿಕೊಳ್ಳಬೇಕು, ಹೇಗೆ ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಮೊದಲೇ ಬರೆದಿಡಬಹುದು. ಅದನ್ನು ಓದಿ ಅಕ್ಕನೂ ನಾನೂ ಫೋನಿನಲ್ಲೇ ಒಂದು ಹಾಳೆ ಬರೆದೆವು. ಕಾನೂನಿನ ಕಾಗದವಲ್ಲ, ಸುಮ್ನೆ ನಮ್ಮಿಬ್ಬರಿಗೆ. ಕುಸಿತ ಶುರುವಾಗುತ್ತಿದೆ ಅನ್ನುವುದಕ್ಕೆ ನಾನು ಹೇಳಿದ ಲಕ್ಷಣಗಳು ಮೂರು: ರಾತ್ರಿ ಮೂರಕ್ಕೆ ಎಚ್ಚರವಾಗುವುದು, ಪಾತ್ರೆ ತೊಳೆಯದೆ ಬಿಡುವುದು, ಮೆಸೇಜಿಗೆ ಉತ್ತರ ಕೊಡದಿರುವುದು. ಅಕ್ಕ ನಾಲ್ಕನೆಯದು ಸೇರಿಸಿದಳು. ಅದು ನನಗೆ ಗೊತ್ತೇ ಇರಲಿಲ್ಲ. ಪೂರ್ತಿ ಕುಸಿಯುವುದಕ್ಕೆ ಎರಡು ವಾರ ಮುಂಚೆ ನಾನು ಅಮ್ಮನಿಗೆ ‘ನಾನು ಹುಷಾರಾಗಿದೀನಿ’ ಅಂತ, ಅವರು ಕೇಳುವ ಮೊದಲೇ ಹೇಳಲು ಶುರು ಮಾಡುತ್ತೇನಂತೆ.