ಜಿಪ್ಸಿ ನೆತ್ತಿ ಮೇಲೊಂದು ಟೆಂಟು

ಎಲ್ಲ ಶುರುವಾಗಿದ್ದು ಬೆಲೆ ನೋಡಿದ್ದರಿಂದ. ಗಾಡಿಯ ಮೇಲೆ ಕೂರುವ ಟೆಂಟು ಬರುತ್ತಲ್ಲ, ಬೀಗ ತೆಗೆದರೆ ಬಾಯಿ ತೆರೆದುಕೊಂಡು ಒಳಗಿಂದ ಮನೆಯೇ ಎದ್ದು ನಿಲ್ಲುತ್ತದಲ್ಲ, ಅದು. ಲಕ್ಷ ದಾಟಿತ್ತು. ಪಕ್ಕಕ್ಕೆ ಚಾಚುವ ಆನಿಂಗಿಗೆ, ಅಂದರೆ ಆ ಬಟ್ಟೆಯ ಚಪ್ಪರಕ್ಕೆ, ಬೇರೆ ದುಡ್ಡು. "ಏನಿದೆ ಇದರಲ್ಲಿ? ಒಂದು ಪೆಟ್ಟಿಗೆ, ಒಂದಿಷ್ಟು ಬಟ್ಟೆ, ನಾಲ್ಕು ಪೈಪು. ನಾವೇ ಮಾಡಬಹುದಲ್ವಾ" ಅಂದೆ.

ಹೆಂಡತಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ನಾವೇ" ಅನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಹಾಗೇ ನೋಡುತ್ತಾಳೆ. ಹಿಂದಿನ ಸಲ ನಾವೇ ಮಾಡಿದ್ದು ಚಪ್ಪಲಿ ಸ್ಟ್ಯಾಂಡು. ಅದು ಈಗಲೂ ಇದೆ. ಗೋಡೆ ಇರುವವರೆಗೂ ಇರುತ್ತದೆ.

ನನ್ನ ಹತ್ತಿರ ಇರುವುದು ಹಳೇ ಮಾರುತಿ ಜಿಪ್ಸಿ ಜೀಪು. 1300 ಸಿಸಿ ಎಂಜಿನ್ನು, ಹಿಂದೆ ಮುಂದೆ ಲೀಫ್ ಸ್ಪ್ರಿಂಗು, ಬೆನ್ನಿಗೆ ಒಳ್ಳೆಯದಲ್ಲ, ಆದರೆ ಕೆಸರಿನಲ್ಲಿ ಎಮ್ಮೆ ಥರ ನಡೆಯುತ್ತದೆ. ಅದರ ಮೇಲೆ ಕ್ಯಾರಿಯರ್ ಮೊದಲೇ ಇತ್ತು. ಗಾಡಿ ಓಡುವಾಗ ಕ್ಯಾರಿಯರ್ ತಡೆಯುವ ಭಾರ ಬೇರೆ, ನಿಂತಾಗ ತಡೆಯುವ ಭಾರ ಬೇರೆ ಅಂತ ಓದಿಕೊಂಡಿದ್ದೆ. ನಿಂತಾಗ ಇಬ್ಬರು ಮಲಗಿದರೂ ತೊಂದರೆ ಇಲ್ಲ. ಓಡುವಾಗ ಮಾತ್ರ ಹಳ್ಳ ದಿಣ್ಣೆಗೆಲ್ಲ ಅದೇ ಭಾರ ಎರಡು ಪಟ್ಟು ಮೂರು ಪಟ್ಟಾಗಿ ಗುದ್ದುತ್ತದೆ, ತಿರುವಿನಲ್ಲಿ ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಆದ್ದರಿಂದ ಪೆಟ್ಟಿಗೆ 50 ಕೆಜಿ ದಾಟಬಾರದು ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಅಡಿಗೆರೆ ಎಳೆದಿದ್ದೆ.

ಸ್ಕ್ವೇರ್ ಪೈಪು, ಪ್ಲೈವುಡ್ಡು, ಕೀಲು, ನಟ್ಟು ಬೋಲ್ಟು ಎಲ್ಲ ಸೇರಿದ ಮೇಲೆ ವೆಲ್ಡಿಂಗ್ ಅಂಗಡಿಯ ಪಕ್ಕದ ಗುಜರಿಯವನ ತಕ್ಕಡಿಗೆ ಇಟ್ಟೆವು. 68 ಕೆಜಿ. ಗುಜರಿಯವನು ಸುತ್ತಲೂ ಒಂದು ಸಲ ಬಂದು, ಬೆರಳಲ್ಲಿ ತಟ್ಟಿ, "ಕಬ್ಬಿಣಕ್ಕೆ ಒಂದು ರೇಟು, ಮರಕ್ಕೆ ಒಂದು ರೇಟು ಸರ್, ಬಿಚ್ಚಿ ಕೊಡಿ" ಅಂದ. ನನ್ನ ಟೆಂಟಿಗೆ ಬಂದ ಮೊದಲ ಬೇಡಿಕೆ ಅದು. ಅವತ್ತೇ ಒಪ್ಪಿಕೊಂಡಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ ಶಾಕಿನ ಪುರಾಣ. ಕಾರಿನ ಡಿಕ್ಕಿ ಬಾಗಿಲನ್ನು ಮೇಲೆ ಎತ್ತುವ ಗ್ಯಾಸ್ ಶಾಕು ಇರುತ್ತಲ್ಲ, ಅಂಥವೆರಡು ಹಾಕಿದರೆ ಮುಚ್ಚಳ ತಾನಾಗಿ ಏಳಬೇಕು. ಅದರ ತಾಕತ್ತನ್ನು ನ್ಯೂಟನ್‌ನಲ್ಲಿ ಹೇಳುತ್ತಾರೆ, ಸುಮಾರು 10 ನ್ಯೂಟನ್ ಅಂದರೆ ಒಂದು ಕೆಜಿ ಎತ್ತುವಷ್ಟು. ನನ್ನ ಮುಚ್ಚಳ 22 ಕೆಜಿ. 150 ನ್ಯೂಟನ್‌ದು ಎರಡು ತಂದೆ, ಒಟ್ಟು 30 ಕೆಜಿ ಆಯ್ತು, ಧಾರಾಳ. ಕೂರಿಸಿ ಬೀಗ ತೆಗೆದೆ. ಏನೂ ಆಗಲಿಲ್ಲ. ತಟ್ಟಿದೆ. ಕೂಗಿದೆ. ಮುಚ್ಚಳ ಮಿಸುಕಲಿಲ್ಲ.

ಶಾಕು ತಂದಿದ್ದ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ವಾಪಸ್ ಹೋಗಿ ಶಾಕು ಸರಿ ಇಲ್ಲ ಅಂದೆ. ಅಂಗಡಿಯವರು ಮಾತಾಡದೆ ತಮ್ಮ ಗಾಜಿನ ಬಾಗಿಲ ಹತ್ತಿರ ಕರೆದುಕೊಂಡು ಹೋದರು. "ಇಲ್ಲಿ ತಳ್ಳಿ" ಅಂತ ಹಿಡಿ ತೋರಿಸಿದರು. ತಳ್ಳಿದೆ, ತೆರೆಯಿತು. "ಈಗ ಇಲ್ಲಿ ತಳ್ಳಿ" ಅಂತ ಕೀಲಿನ ಪಕ್ಕ ಬೆರಳಿಟ್ಟರು. ಎಷ್ಟು ತಳ್ಳಿದರೂ ಬಾಗಿಲು ಹಂದಲಿಲ್ಲ. "ನಿಮ್ಮ ಶಾಕು ಮುಚ್ಚಿದಾಗ ಚಪ್ಪಟೆ ಮಲಗಿರುತ್ತೆ ಸರ್. ಮಲಗಿರೋನು ಏನು ಎತ್ತುತ್ತಾನೆ? ಕೀಲಿಗೇ ಗುದ್ದುತ್ತಾ ಇರ್ತಾನೆ ಅಷ್ಟೆ." ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದವನಿಗೆ ಹೀಗೆ ಬಾಗಿಲು ತೋರಿಸಿ ಪಾಠ ಹೇಳಿಸಿಕೊಳ್ಳುವ ಯೋಗ. ಶಾಕಿನ ಜಾಗ ಬದಲಾಯಿಸಿ, ಸ್ವಲ್ಪ ಎದ್ದು ನಿಲ್ಲುವ ಹಾಗೆ ಕೂರಿಸಿ ಅಂದರು ಅವರು. ನಾನು ವೆಲ್ಡಿಂಗ್ ಮತ್ತೆ ಯಾರು ಬಿಚ್ಚಿಸುತ್ತಾರೆ ಅಂತ 500 ನ್ಯೂಟನ್‌ದು ಎರಡು ತೆಗೆದುಕೊಂಡು ಬಂದೆ.

ಈಗ ಮುಚ್ಚಳ ಎದ್ದಿತು. ಎದ್ದಿತು ಅನ್ನುವುದಕ್ಕಿಂತ ಹಾರಿತು. ಮುಚ್ಚುವುದು ಮಾತ್ರ ಒಬ್ಬರ ಕೈಲಿ ಆಗುವ ಕೆಲಸವಾಗಿ ಉಳಿಯಲಿಲ್ಲ. ನಾನು ಬೆಲ್ಟು ಹಿಡಿದು ಕೆಳಗಿಂದ ಜಗ್ಗಬೇಕು, ಹೆಂಡತಿ ಏಣಿ ಹತ್ತಿ ಮುಚ್ಚಳದ ತುದಿಯ ಮೇಲೆ ಕೂರಬೇಕು. ಟ್ರಿಪ್ಪಿಗೆ ಅವಳು ಬರುವುದೋ ಬೇಡವೋ ಅನ್ನುವ ಚರ್ಚೆ ಅಲ್ಲಿಗೆ ಮುಗಿಯಿತು. ಅವಳಿಲ್ಲದೆ ಟೆಂಟು ಮುಚ್ಚುವ ಹಾಗಿರಲಿಲ್ಲ.

ಬಟ್ಟೆ ಹೊಲಿದಿದ್ದು ಲಾರಿ ಟಾರ್ಪಾಲು, ಶಾಮಿಯಾನ ಹೊಲಿಯುವ ಒಬ್ಬ ವಯಸ್ಸಾದ ಮೇಸ್ತ್ರಿ. ನಾನು ಕಂಪ್ಯೂಟರಿನಲ್ಲಿ ಬಿಡಿಸಿದ ಬಣ್ಣದ ಡ್ರಾಯಿಂಗನ್ನು ಕನ್ನಡಕದ ಮೇಲಿಂದ ನೋಡಿ, "ಇಳಿಜಾರು ಎಲ್ಲಿ ಸರ್?" ಅಂದರು. ಆನಿಂಗು ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದ, ಮೇಜಿನ ಥರ ಸಮ. "ಬಿಸಿಲಿಗೆ ಅಲ್ವಾ, ಸಾಕು" ಅಂದೆ. "ಶಾಮಿಯಾನದಲ್ಲೂ ನಡುಗಂಬ ಎತ್ತರ ಇಡ್ತೀವಿ ಸರ್, ಮದುವೆಮನೇಲಿ ಯಾರೂ ಒದ್ದೆ ಆಗಬಾರದಲ್ಲ" ಅಂದರು. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂದೆ. ಆಮೇಲೆ ಟೆಂಟಿನ ಬಟ್ಟೆಗೆ ಗಾಳಿಯಾಡುವ ಕ್ಯಾನ್‌ವಾಸ್ ಹಾಕೋಣ, ಪ್ಲಾಸ್ಟಿಕ್ ಬೆವರುತ್ತೆ ಅಂದರು. ನನಗೆ ಹನಿ ನೀರೂ ಒಳಗೆ ಬರಬಾರದು, ಲಾರಿಗೆ ಹಾಕುವ ಪಿವಿಸಿ ಟಾರ್ಪಾಲೇ ಇರಲಿ ಅಂತ ಹಟ ಹಿಡಿದೆ. ಮೇಸ್ತ್ರಿ ಅಡ್ವಾನ್ಸ್ ಎಣಿಸಿಕೊಂಡು ಸುಮ್ಮನಾದರು. ಗಿರಾಕಿಗಳ ಜೊತೆ ವಾದ ಮಾಡಬಾರದು ಅನ್ನುವುದನ್ನು ಅವರು ಕಲಿತು ಬಹಳ ವರ್ಷವಾಗಿರಬೇಕು.

ಪೆಟ್ಟಿಗೆಯನ್ನು ಜಿಪ್ಸಿಗೆ ಏರಿಸಿದ್ದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಅಲ್ಲಿ ನೆರಳಿದೆ, ಪ್ಲಗ್ ಪಾಯಿಂಟಿದೆ, ಸೀಲಿಂಗೂ ಸಾಕಷ್ಟು ಎತ್ತರ. ಶುಕ್ರವಾರ ರಾತ್ರಿ ಕೊನೆಯ ಬೋಲ್ಟು ಬಿಗಿದು ಕೈ ತೊಳೆದೆ. ಶನಿವಾರ ಬೆಳಗ್ಗೆ 5 ಗಂಟೆಗೆ ಗಾಡಿ ತೆಗೆದು ರ‍್ಯಾಂಪ್ ಹತ್ತಿರ ಬಂದಾಗ ತಲೆಯ ಮೇಲೆ ಹಳದಿ ಬೋರ್ಡು ಕಂಡಿತು. ಎತ್ತರ 2.1 ಮೀಟರ್. ಟೇಪು ಹಿಡಿದೆ. ನಮ್ಮದು 2.16.

ಆಫ್ ರೋಡಿಂಗ್ ಮಾಡುವವರು ಮರಳು ಬಂದರೆ ಟೈರಿನ ಗಾಳಿ ಇಳಿಸುತ್ತಾರೆ, ಟೈರು ಅಗಲವಾಗಿ ಹರಡಿ ಹೂತುಹೋಗದೆ ನಡೆಯುತ್ತದೆ ಅಂತ. ನಾನು ಬೇಸ್‌ಮೆಂಟಿನಲ್ಲಿ ಇಳಿಸಿದೆ. ನಾಲ್ಕೂ ಚಕ್ರ ಚಪಾತಿಯಾದರೂ ಇನ್ನೂ ಎರಡು ಬೆರಳು ತಗಲುತ್ತಿತ್ತು. ವಾಚ್‌ಮನ್ ಬಂದು ನೋಡಿ, "ಜನ ಕೂರಿಸಿ ಸರ್, ತಗ್ಗುತ್ತೆ" ಅಂದ. ಹಾಲು ಹಾಕುವ ಹುಡುಗ, ಪೇಪರ್ ಹಾಕುವ ಹುಡುಗ, ವಾಕಿಂಗ್ ಹೊರಟಿದ್ದ ಇಬ್ಬರು ಅಂಕಲ್‌ಗಳು, ಅಸೋಸಿಯೇಷನ್ ಸೆಕ್ರೆಟರಿ, ವಾಚ್‌ಮನ್ನು. ಸೆಕ್ರೆಟರಿ ಬಂದಿದ್ದು ಬೈಯಲು. ಆದರೆ 90 ಕೆಜಿ ಇದ್ದರು, ಬಿಡಲು ಮನಸ್ಸಾಗಲಿಲ್ಲ, ಹತ್ತಿಸಿಕೊಂಡೆ. ಎಲ್ಲರೂ ಹಿಂದೆ ಕೂತು ಉಸಿರು ಬಿಗಿಹಿಡಿದರು. ಯಾಕೆ ಉಸಿರು ಬಿಗಿಹಿಡಿದರೋ ಗೊತ್ತಿಲ್ಲ, ನಾನೂ ಹಿಡಿದಿದ್ದೆ. ತೊಲೆ ಪೆಟ್ಟಿಗೆಯ ಬಣ್ಣವನ್ನಷ್ಟೇ ಕೆರೆದುಕೊಂಡು ನಮ್ಮನ್ನು ಹೊರಗೆ ಬಿಟ್ಟಿತು.

ನೆಲಮಂಗಲ ದಾಟಿ ಕುಣಿಗಲ್ ಕಡೆ ತಿರುಗಿದ ಮೇಲೆ ಮೇಲಿಂದ ಒಂದು ಸದ್ದು. ನೂರು ಜೇನುಗೂಡು ಒಟ್ಟಿಗೆ ಎದ್ದ ಹಾಗೆ. 60 ದಾಟಿದರೆ ಶುರು, ನಿಧಾನ ಮಾಡಿದರೆ ಸುಮ್ಮನೆ. ಕಿಟಕಿ ಏರಿಸಿದೆವು, ಹಾಡು ಹಾಕಿದೆವು, ಜಗಳವಾಡಿ ನೋಡಿದೆವು, ಯಾವುದೂ ಅದನ್ನು ಮೀರಿಸಲಿಲ್ಲ. ಟೀ ಕುಡಿಯಲು ನಿಲ್ಲಿಸಿದಾಗ ಪಕ್ಕದ ಲಾರಿ ಡ್ರೈವರ್ ಹಲ್ಲುಜ್ಜುತ್ತಲೇ ಬಂದು, ಪೆಟ್ಟಿಗೆ ಬಿಗಿದಿದ್ದ ಬೆಲ್ಟನ್ನು ಬಿಚ್ಚಿ, ಮಧ್ಯೆ ಒಂದೇ ಒಂದು ತಿರುವು ಕೊಟ್ಟು ಮತ್ತೆ ಬಿಗಿದ. ಚಪ್ಪಟೆ ಬೆಲ್ಟು ಗಾಳಿಗೆ ತಂತಿಯ ಹಾಗೆ ನಡುಗುತ್ತದೆ, ತಿರುಚಿದರೆ ನಡುಗುವುದಿಲ್ಲ. ಇಡೀ ಯೋಜನೆಯಲ್ಲಿ ಮೊದಲ ಸಲಕ್ಕೇ ಸರಿಹೋದ ಕೆಲಸ ಅದೊಂದೇ, ಅದೂ ನನ್ನದಲ್ಲ.

ಹಾಸನ ಬಿಟ್ಟ ಮೇಲೆ ಒಂದು ಕಡೆ ಪೊಲೀಸರು ಕೈ ತೋರಿಸಿದರು. ಗಾಡಿಯಲ್ಲಿ ಏನಾದರೂ ಬದಲಾವಣೆ ಮಾಡಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬರುತ್ತದೆ ಅಂತ ಗೊತ್ತಿತ್ತು. ಬಿಚ್ಚಬಹುದಾದ ಲಗೇಜು ಅಂತ ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅವರು ಆರಡಿ ಉದ್ದದ ಪೆಟ್ಟಿಗೆಯನ್ನೇ ನೋಡುತ್ತಾ, ದನಿ ತಗ್ಗಿಸಿ, "ಯಾರು ಹೋಗಿದ್ದು ಸರ್?" ಅಂದರು. ನನಗೆ ಅರ್ಥವಾಗುವಷ್ಟರಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದ್ದಳು. ನಗು ತಡೆಯಲು. ಅವರು ಹೋಗಿ ಅಂತ ಸನ್ನೆ ಮಾಡಿದರು. ಸುಳ್ಳು ಯಾರೂ ಹೇಳಲಿಲ್ಲ ನೋಡಿ.

ಮೂಡಿಗೆರೆ ಹತ್ತಿರ ಗೆಳೆಯನ ಕಾಫಿ ತೋಟ. ಆನೆ ಓಡಾಟ ಇದೆ, ತೋಟದೊಳಗೆ ಬೇಡ, ಅಂಗಳದಲ್ಲೇ ಹಾಕು ಮಾರಾಯ ಅಂದ. ಮಾರ್ಚ್ ಕೊನೆಯ ವಾರ. ಅವನು ಮಾತಾಡುವಾಗೆಲ್ಲ ಆಕಾಶ ನೋಡುತ್ತಿದ್ದ. ಹೂಮಳೆ ಇನ್ನೂ ಬಿದ್ದಿರಲಿಲ್ಲ. ಗಿಡದಲ್ಲಿ ಮೊಗ್ಗು ಕಾಯುತ್ತಾ ಕೂತಿರುತ್ತದೆ, ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ, ಬೀಳದಿದ್ದರೆ ಮುಂದಿನ ವರ್ಷದ ಫಸಲಿಗೇ ಏಟು. ನಾನೂ ಆಕಾಶ ನೋಡುತ್ತಿದ್ದೆ, ಬೀಳದಿರಲಿ ಅಂತ. ಅವನ ಅಮ್ಮ ಜಗಲಿಯಿಂದ ಎಲ್ಲ ನೋಡಿ, "ಒಳಗೆ ನಾಲ್ಕು ಕೋಣೆ ಖಾಲಿ ಬಿದ್ದಿದೆ, ಇವರು ಜೀಪಿನ ಮೇಲೆ ಮಲಗೋದು ಎಂತಕ್ಕೆ? ಜಗಳವಾ?" ಅಂತ ಮಗನನ್ನು ಕೇಳುತ್ತಿದ್ದರು.

ರಾತ್ರಿ ಕಡುಬು ಕೋಳಿಸಾರು ಉಂಡು ಏಣಿ ಹತ್ತಿದೆವು. ಅಂಗಳ ಸಮ ಇದೆ ಅಂದುಕೊಂಡಿದ್ದೆ. ಮಲಗಿದ ಹತ್ತು ನಿಮಿಷಕ್ಕೆ ನಾವಿಬ್ಬರೂ ಎಡಗಡೆಯ ಬಟ್ಟೆಗೆ ಅಂಟಿಕೊಂಡಿದ್ದೆವು, ನಾನು ಕೆಳಗೆ. ಒಬ್ಬರು ಮಗ್ಗುಲು ತಿರುಗಿದರೆ ಲೀಫ್ ಸ್ಪ್ರಿಂಗು ಕಿರ್ ಅನ್ನುತ್ತಿತ್ತು, ಅದಕ್ಕೆ ಮನೆಯ ನಾಯಿ ಬೊಗಳುತ್ತಿತ್ತು, ಅದಕ್ಕೆ ದೂರದ, ತೋಟದ ಕೆಲಸದವರ ಲೈನು ಮನೆಗಳ ನಾಯಿಗಳೆಲ್ಲ ಉತ್ತರ ಕೊಡುತ್ತಿದ್ದವು. ಇದು ಸರಿ ಕಾಣಲ್ಲ ಅಂತ ಇಬ್ಬರೂ ಹೆಣದ ಹಾಗೆ ಮಲಗಿದೆವು. ಪೊಲೀಸರು ಹೇಳಿದ್ದು ತೀರಾ ತಪ್ಪೇನಲ್ಲ.

1 ಗಂಟೆಗೆ ಹಣೆಯ ಮೇಲೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. "ರೀ, ಮಳೆ" ಅಂದಳು. ಜಿಪ್ಪು ಎಳೆದು ನೋಡಿದರೆ ಹೊರಗೆ ಚುಕ್ಕಿ ಹೊಳೆಯುತ್ತಿವೆ. ಮಳೆ ಒಳಗೆ ಮಾತ್ರ. ಇಬ್ಬರ ಉಸಿರು ಹೊರಗೆ ಹೋಗಲು ದಾರಿಯಿಲ್ಲದೆ ತಣ್ಣಗಿನ ಟಾರ್ಪಾಲಿಗೆ ತಾಗಿ, ನೀರಾಗಿ, ನಮ್ಮದು ನಮಗೇ ವಾಪಸ್ ಬರುತ್ತಿತ್ತು. ಮೇಸ್ತ್ರಿ ಮಾತು ನೆನಪಾಯಿತು. ಹೆಂಡತಿಗೂ ಆಯಿತು, ಜೋರಾಗಿ ಆಯಿತು.

ನಿಜವಾದ ಮಳೆ ಬಂದಿದ್ದು 3 ಗಂಟೆಗೆ, ಗುಡುಗಿನ ಸಮೇತ. ಟೆಂಟು ಹೊರಗಿನ ನೀರಿಗೆ ಗಟ್ಟಿಯಾಗಿ ನಿಂತಿತು, ಅದನ್ನು ಹೇಳಲೇಬೇಕು. ಕೆಳಗೆ ಆನಿಂಗು ಮಾತ್ರ ಬಸುರಿಯ ಹಾಗೆ ಹೊಟ್ಟೆ ಬಿಡುತ್ತಿತ್ತು. ಏಣಿ ಇಳಿದು ಅದರ ಕೆಳಗೆ ನಿಂತು ಎರಡೂ ಕೈಯಲ್ಲಿ ಮೇಲಕ್ಕೆ ನೂಕಿದೆ. ಇದೂ ಒಂದು ಡಿಸೈನೇ ಅಲ್ವಾ, ನೀರು ಎಲ್ಲಿಗೆ ಹೋಗಬೇಕು ಅಂತ ಯೋಚಿಸಬೇಕಿತ್ತು. ನೀರು ಒಂದು ಸಲ ಆ ಕಡೆ ಹೋಗಿ, ಅಲ್ಲಿ ಇಳಿಜಾರಿಲ್ಲ ಅಂತ ತಿಳಿದು, ವೇಗವಾಗಿ ವಾಪಸ್ ಬಂತು. ಪೈಪು ಡೊಂಕಾಯಿತು, ವೆಲ್ಡಿಂಗು ಟಪ್ ಅಂತು. ಪೂರ್ತಿ ಆನಿಂಗು, ಅದರೊಳಗಿನ ಕೆರೆ, ಎಲ್ಲ ನನ್ನ ತಲೆಯ ಮೇಲೆ.

ಬಟ್ಟೆಯ ಕೆಳಗಿಂದ ತಲೆ ಹೊರಗೆ ಹಾಕಿದಾಗ ಕಂಡಿದ್ದು ಗೆಳೆಯ. ಬರಿಗಾಲಲ್ಲಿ, ಕೊಡೆ ಇಲ್ಲದೆ, ಅಂಗಳದ ಮಧ್ಯೆ ನಿಂತು, ಮುಖ ಮೇಲೆ ಮಾಡಿ ನೆನೆಯುತ್ತಿದ್ದ. "ಬಂತು ಮಾರಾಯ, ಬಂತು!" ಅಂತ ನನ್ನನ್ನು ತಬ್ಬಿಕೊಂಡ. ಆನಿಂಗ್ ಸಮೇತ.

ಬೆಳಗ್ಗೆ ಎದ್ದವನೇ ಮಳೆಮಾಪಕ ನೋಡಿ ಬಂದು, ಅಕ್ಕಪಕ್ಕದ ತೋಟದವರಿಗೆಲ್ಲ ಫೋನು. ಪ್ಲಾಂಟರ್‌ಗಳು ಈಗಲೂ ಮಳೆಯನ್ನು ಇಂಚು ಸೆಂಟಿನಲ್ಲೇ ಅಳೆಯುತ್ತಾರೆ, ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. "ಒಂದು ಇಂಚು ಹತ್ತು ಸೆಂಟು! ನಿಮ್ಮಲ್ಲಿ ಎಷ್ಟು?" ನಾನು ಜಗಲಿಯ ಮೇಲೆ ಕಂಬಳಿ ಹೊದ್ದು, ಬೆಲ್ಲದ ಕಾಫಿ ಹಿಡಿದು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಅಂದರೆ 28 ಮಿಲಿಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನನ್ನ ಆನಿಂಗು ಐದು ಚದರ ಮೀಟರ್. 140 ಲೀಟರ್. ಮನೆಗೆ ತರಿಸುವ 20 ಲೀಟರಿನ ಕ್ಯಾನು ಇದೆಯಲ್ಲ, ಅಂಥ ಏಳು. ಪಾಪ, ಅಷ್ಟನ್ನೂ ಅದು ಹೊರಲಿಲ್ಲ, ನಡುವೆಯೇ ಕೈಚೆಲ್ಲಿತು. ಆದರೂ ಲೆಕ್ಕ ತೋರಿಸಿದಾಗ ಹೆಂಡತಿ ಅಂದಿದ್ದು, "ಇದನ್ನ ಮೊದಲೇ ಹಾಕಬಹುದಿತ್ತಲ್ವಾ?"

ಟೆಂಟು ಮುಚ್ಚಲು ಗೆಳೆಯ, ಅವನ ಅಮ್ಮ, ತೋಟದ ಲೆಕ್ಕ ಬರೆಯುವ ರೈಟರು ಎಲ್ಲ ಸೇರಿದರು. ಡೊಂಕು ಪೈಪನ್ನು ಹಿಂದೆ ಹಾಕಿಕೊಂಡೆವು. ಆನಿಂಗಿನ ಬಟ್ಟೆ ಹಿಡಿಸಲಿಲ್ಲ, ಅಲ್ಲೇ ಬಿಟ್ಟೆವು. ರಾತ್ರಿ 10ಕ್ಕೆ ಅಪಾರ್ಟ್‌ಮೆಂಟ್ ಗೇಟಿಗೆ ಬಂದಾಗ ವಾಚ್‌ಮನ್ ನಮ್ಮನ್ನು ನೋಡಿದ, ಮೇಲಿನ ಪೆಟ್ಟಿಗೆ ನೋಡಿದ, ರ‍್ಯಾಂಪ್ ನೋಡಿದ. ಏನೂ ಕೇಳದೆ ಇಂಟರ್‌ಕಾಮ್ ಎತ್ತಿ ಸೆಕ್ರೆಟರಿಯವರ ಮನೆಗೆ ಫೋನ್ ಮಾಡಿದ.

ಒಂಬತ್ತನೇ ದಿನ ಗೆಳೆಯ ಒಂದು ಫೋಟೋ ಕಳಿಸಿದ. ತೋಟದ ತುಂಬ ಕಾಫಿ ಹೂವು, ಹಾಲು ಚೆಲ್ಲಿದ ಹಾಗೆ. ಮುಂದುಗಡೆ ಅಂಗಳದಲ್ಲಿ ನನ್ನ ಖಾಕಿ ಆನಿಂಗು ನೆಲದ ಮೇಲೆ ನೀಟಾಗಿ ಹಾಸಿದೆ, ಅದರ ತುಂಬ ಕಾಳುಮೆಣಸು ಒಣಗುತ್ತಿದೆ. ಕೆಳಗೆ ಬರೆದಿದ್ದ: "ಒಳ್ಳೆ ಗಟ್ಟಿ ಬಟ್ಟೆ ಮಾರಾಯ. ಇಂಥದೇ ಇನ್ನೊಂದು ಹೊಲಿಸಿ ಕೊಡ್ತೀಯಾ ಅಂತ ಅಮ್ಮ ಕೇಳ್ತಿದ್ದಾರೆ. ಪೈಪು ಬೇಡವಂತೆ."